ನಿವ್ವಳ

ಎಂಟು ಹತ್ತಕ್ಕೆ ಬಂದರು. ಆಟೋದಿಂದ ಸ್ಟ್ರೆಚರಿಗೆ,
ಸ್ಟ್ರೆಚರಿನಿಂದ ನನ್ನ ಮುಂದಿನ ಹಾಸಿಗೆಗೆ.
ಮೊಗಣ್ಣ, ಅರವತ್ತೊಂದು. ಹಾಸನದ ಎಪಿಎಂಸಿಯಲ್ಲಿ
ಮೂವತ್ತೆಂಟು ವರ್ಷ ಆಲೂಗಡ್ಡೆ ತೂಗಿದವನು.
ಅಂಗಿಗೆಲ್ಲ ಜಲಂಧರದ ಬಿತ್ತನೆಯ ಮಣ್ಣು, ಗೋಣಿಯ ನಾರು.

ನನ್ನ ಬಳಿಯೂ ಒಂದು ತಕ್ಕಡಿಯಿದೆ, ಕಾಗದದ್ದು.
ಸೊನ್ನೆಯಿಂದ ನಲವತ್ತೆರಡು.
ಹೆಚ್ಚು ತೂಗಿದಷ್ಟೂ ನಷ್ಟ.
ಹೇಳಿಕೊಡುವಂತಿಲ್ಲ, ಸುಳಿವು ಕೊಡುವಂತಿಲ್ಲ,
ಮೊದಲ ಉತ್ತರವೇ ಉತ್ತರ.

ಇದು ಯಾವ ತಿಂಗಳು?
'ಕೃತ್ತಿಕೆ ಮಳೆ. ನಾಕನೇ ಪಾದ.'
ಪೆನ್ನು ನಿಂತಿತು. ಗೋಡೆಯ ಕ್ಯಾಲೆಂಡರಿನತ್ತ ನೋಡಿ
ಸಿಸ್ಟರ್ ಜೆಸಿಂತಾ ಮೆಲ್ಲಗೆ:
'ಮೇ ಇಪ್ಪತ್ತೆರಡು. ಸರಿಯಾಗೇ ಇದೆ ಡಾಕ್ಟ್ರೆ,
ನಿಮ್ಮ ಪ್ರಶ್ನೆಗಿಂತ ಸರಿಯಾಗಿದೆ.'
ಸೊನ್ನೆ ಬರೆದೆ.

ಹಲ್ಲು ತೋರಿಸಿ.
ನಗು ಬಲಕ್ಕೆ ಹೋಯಿತು, ಎಡಗೆನ್ನೆ ಜೊತೆಗೆ ಬರಲಿಲ್ಲ. ಎರಡು.
ಬಲಗೈ ಎತ್ತಿ. ಹತ್ತು ಎಣಿಸುವವರೆಗೂ ನಿಂತಿತು,
ಹಿಂದೆ ಸರಿಯುವ ಲಾರಿಗೆ ಸಾಕು ಎಂದ ಹಾಗೆ.
ಎಡಗೈಯನ್ನು ನಾನೇ ಎತ್ತಿ ಬಿಟ್ಟೆ.
'ಒಂದು' ಎನ್ನುವ ಮೊದಲೇ ಬಿತ್ತು,
ಹೆಗಲಿಂದ ಚೀಲ ಇಳಿಸಿದ ಸದ್ದು. ಮೂರು.

ಆ ಕೈಯನ್ನೇ ಅವನ ಕಣ್ಣ ಮುಂದೆ ಹಿಡಿದು ಕೇಳಿದೆ,
ಇದು ಯಾರದು?
ತುಸು ಯೋಚಿಸಿದ. 'ಯಾರೋ ಇಟ್ಟು ಹೋಗಿದಾರೆ.
ಚೀಟಿ ಇದ್ಯಾ ನೋಡಿ.'
ಎಡಬದಿಗೆ ನಿಂತಿದ್ದ ಹೆಂಡತಿ ಬಾಯಿಗೆ ಸೆರಗಿಟ್ಟಳು.
ಅವಳು ಅಲ್ಲಿರುವುದೇ ಅವನಿಗೆ ಗೊತ್ತಿಲ್ಲ.
ಎರಡು ಬರೆದೆ. ಇದಕ್ಕೆ ಎರಡಕ್ಕಿಂತ ಹೆಚ್ಚು ಬರೆಯಲು
ಕಾಗದದಲ್ಲಿ ಅಪ್ಪಣೆಯಿಲ್ಲ.

'ಈ ಕಡೆ ಬನ್ನಿ ಸಾಕಮ್ಮ, ಬಲಕ್ಕೆ.'
ಬಂದಳು.
'ಅಯ್ಯೋ, ಯಾವಾಗ ಬಂದೆ?' ಎಂದ.

ಒಟ್ಟು ಹದಿಮೂರು. ಸ್ಕ್ಯಾನಿನಲ್ಲಿ ರಕ್ತಸ್ರಾವವಿಲ್ಲ.
ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು.
ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?
'ಆರೂವರೆಗೆ ಬಿದ್ದಿದ್ದು, ಕೊನೇ ಲೋಡು,' ಎಂದ
ಕರೆತಂದ ಹಮಾಲಿ ಇಮ್ತಿಯಾಜ್.
ಆಮೇಲೆ, ಸುಮ್ಮನಿರಲಾರದೆ,
'ಮಧ್ಯಾಹ್ನವೇ ಎಡಗಾಲಿನ ಚಪ್ಪಲಿ ಎರಡು ಸಲ ಕಳಚಿತ್ತು.
ನಾನೇ ತೊಡಿಸಿದೆ.'

ವಾರ್ಡಿನ ಫ್ಯಾನು ತಿರುಗುವುದು ಆಗ ಕೇಳಿಸಿತು ನನಗೆ.
ಮಧ್ಯಾಹ್ನ ಎಂದರೆ ಗಡುವು ಮುಗಿದು ಎಷ್ಟೋ ಹೊತ್ತು.
ಸೋತದ್ದು ಕಾಲೋ, ಚಪ್ಪಲಿಯೋ?

ಅವನ ಕಂಕುಳಲ್ಲೇ ಇತ್ತು ಅದು, ಪೇಪರಿನಲ್ಲಿ ಸುತ್ತಿ.
ಈಸಿಕೊಂಡು ದೀಪಕ್ಕೆ ಹಿಡಿದೆ.
ಉಂಗುಷ್ಟ ಕಿತ್ತು ಪಿನ್ನು ಚುಚ್ಚಿದ ಚಪ್ಪಲಿ.
ಪಿನ್ನಿಗೆ ತುಕ್ಕು, ತುಕ್ಕಿನ ಕಲೆ ರಬ್ಬರಿನೊಳಕ್ಕೂ.
'ಯುಗಾದಿಯಿಂದ ಹಿಂಗೇ. ಹೊಸದು ತಗಳಿ ಅಂದ್ರೆ
ಸೀಜನ್ ಮುಗೀಲಿ ಅಂತಾರೆ,' ಸಾಕಮ್ಮ.

ಸಂಜೆ ಚೀಲ ಎತ್ತಿದ್ರಾ ಇವರು?
'ಐದು ಗಂಟೆಗೂ ಎತ್ತಿದ್ವಿ, ಇಬ್ರೂ ಸೇರಿ.'
ಎರಡೂ ಕೈಯಲ್ಲಾ?
ಇಮ್ತಿಯಾಜ್ ನನ್ನನ್ನು ಪಾಪ ಎಂಬಂತೆ ನೋಡಿದ.
'ಒಂದು ಕೈಲಿ ಚೀಲ ಯಾರು ಎತ್ತಾರೆ ಮೇಡಂ?'

ಎಂಟು ಐವತ್ತಕ್ಕೆ ಔಷಧಿ ಹರಿಯತೊಡಗಿತು.
ಎಂಟು ವರ್ಷ ಓದಿದ್ದೇನೆ, ತುಕ್ಕು ಓದುವುದನ್ನು
ಯಾರೂ ಕಲಿಸಿರಲಿಲ್ಲ. ತಪ್ಪು ಓದಿದ್ದರೆ
ಈ ರಾತ್ರಿಯೇ ಗೊತ್ತಾಗುತ್ತದೆ.

ಪಂಪಿನ ಹಸಿರು ಅಂಕಿ ಏರುವುದನ್ನೇ ನೋಡುತ್ತಿದ್ದ ಮೊಗಣ್ಣ
ತೊದಲು ನಾಲಿಗೆಯಲ್ಲಿ ಕೇಳಿದ, 'ನಂದು ಎಷ್ಟು ಬಂತು?'
ಹದಿಮೂರು.
'ನಿವ್ವಳವಾ? ಚೀಲ ಸೇರಿನಾ?'

ನನಗೂ ಗೊತ್ತಿಲ್ಲ ಎಂದೆ.

ಕಾಲು ಗಂಟೆಗೊಮ್ಮೆ ಮತ್ತೆ ತೂಗಬೇಕು.
ಮೂರನೆಯ ಸಲ ಹೋದಾಗ ಸಾಕಮ್ಮ
ನಾನು ನಿಲ್ಲಿಸಿದ ಜಾಗದಲ್ಲಿರಲಿಲ್ಲ. ಎಡಕ್ಕೇ ಹೋಗಿ ಕೂತು,
ಯಾರೋ ಚೀಟಿಯಿಲ್ಲದೆ ಇಟ್ಟು ಹೋದ ಆ ಕೈಯನ್ನು
ಮಡಿಲಿಗೆಳೆದುಕೊಂಡು
ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದಳು.